ಎಡಗೈಗೆ ಚಕ್ರವೋ, ಲಿವರೋ?

ಡೊಂಬಿವಲಿ ಕೀಬೋರ್ಡ್: ಗಣೇಶೋತ್ಸವಕ್ಕೆ ನಮ್ಮ ಕನ್ನಡ ಸಂಘದ ಆರ್ಕೆಸ್ಟ್ರಾಗೆ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ತಗೊಳ್ಳಬೇಕು. ಎಡಗಡೆ ಎರಡು ಚಕ್ರ ಇರುವುದೇ ಬೇಕು ಅಂತ ನನ್ನ ಹಟ: ಸ್ವರ ಬಾಗಿಸಲು ಪಿಚ್ ಬೆಂಡ್ ಚಕ್ರ, ಸ್ವರ ನಡುಗಿಸಲು (ವೈಬ್ರಾಟೊ) ಮಾಡ್ಯುಲೇಶನ್ ಚಕ್ರ. 1970ರ ಸಿಂಥ್ ಮಿನಿಮೂಗ್‌ನಲ್ಲೂ ಇದ್ದದ್ದು ಅದೇ ಅಲ್ವಾ? ಮಾಡ್ಯುಲೇಶನ್ ಚಕ್ರ ಬಿಟ್ಟಲ್ಲೇ ನಿಲ್ಲುತ್ತದೆ. ವೈಬ್ರಾಟೊ ಅರ್ಧಕ್ಕೆ ಇಟ್ಟು ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಹಿಡಿಯಬಹುದು.

ಕೋಥ್ರುಡ್ ಕುಲಕರ್ಣಿ: "ಬಿಟ್ಟಲ್ಲೇ ನಿಲ್ಲುತ್ತದೆ" ಅಂದಿರಲ್ಲ, ತೊಂದರೆ ಅದೇ! ಹೋದ ವರ್ಷ ಪುಣೆಯ ಒಂದು ಪೆಂಡಾಲ್‌ನಲ್ಲಿ ಚಕ್ರ ಇಳಿಸಲು ಮರೆತೆ. ಮುಂದಿನ ಭಕ್ತಿಗೀತೆಯ ಪಲ್ಲವಿ ಪೂರ್ತಿ ಸಿಂಥ್‌ನ ಕೊಳಲಿನ ದನಿ ನಡುಗಿತು. ರೋಲ್ಯಾಂಡ್ ಕಂಪನಿಯ ಲಿವರ್ ನೋಡಿ. ಅಕ್ಕಪಕ್ಕ ತಳ್ಳಿದರೆ ಸ್ವರ ಬಾಗುತ್ತದೆ, ಮುಂದಕ್ಕೆ ತಳ್ಳಿದರೆ ವೈಬ್ರಾಟೊ. ಕೈ ತೆಗೆದರೆ ಎರಡೂ ಸೊನ್ನೆ. ಒಂದೇ ಹೆಬ್ಬೆರಳು ಸಾಕು.

ವಾಸ್ಕೋ ಶೆಟ್ಟಿ: ಹೆಬ್ಬೆರಳೇ ಸಾಕಾದರೆ ಕೋರ್ಗ್ ಕಂಪನಿಯ ಜಾಯ್‌ಸ್ಟಿಕ್ ಇನ್ನೂ ಮೇಲು ಮಾರಾಯ್ರೆ. 1988ರ ಅವರ ಎಂ1 ಸಿಂಥ್‌ನಲ್ಲೇ ಇತ್ತು. ಮುಂದಕ್ಕೆ ಒಂದು ಕೆಲಸ, ಹಿಂದಕ್ಕೆ ಇನ್ನೊಂದು. ಹಾರ್ಮೋನಿಯಂನಲ್ಲಿ ಎಡಗೈ ತಿದಿ ಒತ್ತಿ ಪಳಗಿದವರಿಗೆ ಬೇಗ ಒಗ್ಗುತ್ತದೆ.

ಮಾಟುಂಗಾ ರಾವ್: ಹಾರ್ಮೋನಿಯಂ ಯಾಕೆ ತಂದಿರಿ? ಅದರಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಲ್ಲಿದೆ? ಆಕಾಶವಾಣಿ 1940ರಲ್ಲೇ ಅದನ್ನು ಹೊರಗಿಟ್ಟಿತ್ತು.

ವಾಸ್ಕೋ ಶೆಟ್ಟಿ: 1971ರಲ್ಲಿ ಒಳಗೆ ಬಿಟ್ಟಿತಲ್ಲ, ಅದನ್ನೂ ಹೇಳಿ. ನಾನು ಹೇಳಿದ್ದು ತಿದಿಯ ಬಗ್ಗೆ. ಭೀಮಸೇನ ಜೋಶಿಯವರ ಪಕ್ಕದಲ್ಲೂ ಹಾರ್ಮೋನಿಯಂ ಇರುತ್ತಿತ್ತು.

ಮಾಟುಂಗಾ ರಾವ್: ಅವರು ಮೀಂಡ್ ತೆಗೆದದ್ದು ಗಂಟಲಲ್ಲಿ. ಹಾರ್ಮೋನಿಯಂ ಹಿಂದಿನಿಂದ ಬರುತ್ತಿತ್ತು, ಅಷ್ಟೆ.

ಕೋಥ್ರುಡ್ ಕುಲಕರ್ಣಿ: "ಅಷ್ಟೆ" ಅಂದರೆ ಏನರ್ಥ ರಾಯರೇ? ನನ್ನ ಸೋದರಮಾವ ಮೂವತ್ತು ವರ್ಷ ಗಾಯಕರಿಗೆ ಹಾರ್ಮೋನಿಯಂ ಸಾಥ್ ಕೊಟ್ಟವರು. ತಿದಿ ಒತ್ತಿ ಒತ್ತಿ ಎಡಗೈ ಮಣಿಕಟ್ಟು ಊದಿಕೊಂಡಿರುತ್ತಿತ್ತು. ರಾತ್ರಿ ಅತ್ತೆ ಬಿಸಿ ಉಪ್ಪಿನ ಗಂಟು ಇಡುತ್ತಿದ್ದರು. ಆ ಮಾತು ವಾಪಸ್ ತಗೊಳ್ಳಿ.

ಮಾಟುಂಗಾ ರಾವ್: ಕೈ ನೋವು ಬೇರೆ, ಮೀಂಡ್ ಬೇರೆ. ತಗೊಳ್ಳಲ್ಲ.

ಡೊಂಬಿವಲಿ ಕೀಬೋರ್ಡ್: ನಾನು ಕೇಳಿದ್ದು ಸಿಂಥ್ ಬಗ್ಗೆ! ಮೀಂಡ್ ಬೇಕಾದರೆ ಇಲ್ಲಿ ಕೇಳಿ. ಮಿಡಿಯಲ್ಲಿ (ಕೀಬೋರ್ಡ್‌ಗಳು ಸಂದೇಶ ಕಳಿಸುವ ಡಿಜಿಟಲ್ ಭಾಷೆ) ಪಿಚ್ ಬೆಂಡ್‌ಗೆ 16384 ಹೆಜ್ಜೆ ಇದೆ, ಮಾಡ್ಯುಲೇಶನ್‌ಗೆ ಸಾಮಾನ್ಯವಾಗಿ 128. ಅಷ್ಟು ನಯವಾಗಿ ಬಾಗಿಸಲು ಬೆರಳಿಗೆ ಜಾಗ ಬೇಕು. ಅದು ಚಕ್ರದಲ್ಲಿದೆ.

ವಾಸ್ಕೋ ಶೆಟ್ಟಿ: 16384 ಇದ್ದು ಏನು ಮಾಡುತ್ತೀರಿ? ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಮೊದಲಿಗೆ ಇರುವುದು ಎರಡು ಸೆಮಿಟೋನ್ (ಅಕ್ಕಪಕ್ಕದ ಕೀಲಿಗಳ ನಡುವಿನ ಅಂತರ) ಬಾಗು. ಷಡ್ಜದಿಂದ ಶುದ್ಧ ಗಾಂಧಾರಕ್ಕೆ ನಾಲ್ಕು ಬೇಕು. ಅಷ್ಟು ಏರಿಸಿದರೆ ಚಕ್ರದಲ್ಲೂ ಕೈ ಚೂರು ಜಾರಿದರೆ ಅಪಸ್ವರವೇ.

ಮಾಟುಂಗಾ ರಾವ್: ಷಡ್ಜದಿಂದ ಗಾಂಧಾರಕ್ಕೆ ಜಾರುವುದೇ ಮೀಂಡ್. ಹಾರ್ಮೋನಿಯಂನಲ್ಲಿ ಅದು ಇಲ್ಲ ಅಂತ ನಾನು ಆಗಲೇ ಹೇಳಿದ್ದೆ.

ಡೊಂಬಿವಲಿ ಕೀಬೋರ್ಡ್: ಬಾಗು ನಾಲ್ಕಕ್ಕೇ ಇಡುತ್ತೇನೆ, ದಿನಾ ಸಾಧನೆ ಮಾಡುತ್ತೇನೆ. ಚಕ್ರದ್ದಕ್ಕೆ ಮುಂಗಡ ಕೊಟ್ಟು ಬಂದೆ.

ಕೋಥ್ರುಡ್ ಕುಲಕರ್ಣಿ: ಪಲ್ಲವಿ ನಡುಗಿದ ದಿನ ಬರೆಯಿರಿ. ರಾಯರೇ, ಮಾವನ ವಿಷಯಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ.