ತುರ್ತು: ಮೆದುಳಿನ ‘ಕೊಲ್ಯಾಟರಲ್’ ರಕ್ತನಾಳಕ್ಕೆ ಕನ್ನಡದಲ್ಲಿ ಏನನ್ನೋಣ?

ಬಳ್ಳಾರಿಯಿಂದ:
ಎಲ್ಲರಿಗೂ ನಮಸ್ಕಾರ. ಮೊಯಮೊಯ ಕಾಯಿಲೆಯವರ ಮನೆಮಂದಿಗೆ ಕೊಡುವ ಎರಡು ಪುಟದ ಕರಪತ್ರ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಒಂದು ಪದಕ್ಕೆ ಕೆಲಸ ನಿಂತಿದೆ. ಈ ಕಾಯಿಲೆಯಲ್ಲಿ, ಕುತ್ತಿಗೆಯ ಮೂಲಕ ಮೆದುಳಿಗೆ ರಕ್ತ ಒಯ್ಯುವ ಒಳ ಕ್ಯಾರೋಟಿಡ್ ಧಮನಿ ತಲೆಬುರುಡೆಯೊಳಗೆ ಕವಲೊಡೆಯುವ ತುದಿಯಲ್ಲಿ, ಸಾಮಾನ್ಯವಾಗಿ ಎರಡೂ ಬದಿಗೆ, ಕಿರಿದಾಗುತ್ತ ಬರುತ್ತದೆ. ಆಗ ಮೆದುಳಿನ ಬುಡದ ಎಳೆಯಂಥ ಧಮನಿಗಳು ಹಿಗ್ಗಿ ಆ ರಕ್ತವನ್ನು ತಾವು ಸಾಗಿಸತೊಡಗುತ್ತವೆ. ಇವೇ ಕೊಲ್ಯಾಟರಲ್. ನಿಘಂಟು ತೆಗೆದರೆ ‘ಪಾರ್ಶ್ವ’, ‘ಆನುಷಂಗಿಕ’, ಕೊನೆಗೆ ಬ್ಯಾಂಕಿನವರ ‘ಮೇಲಾಧಾರ’. ಯಾವುದು ಹಾಕಲಿ?

ರಾಯಚೂರಿನಿಂದ:
ಪಾರ್ಶ್ವನಾಳ. ಇದರಲ್ಲಿ ಚರ್ಚೆ ಏನಿದೆ?

ಗಂಗಾವತಿಯಿಂದ:
ಇದೆ ಸರ್. ಲಕ್ವ ಹೊಡೆದವರ ಮನೆಗೆ ಹೋಗುವ ಕರಪತ್ರವಿದು. ಅಲ್ಲಿ ‘ಪಾರ್ಶ್ವ’ ಕಂಡರೆ ಓದುವವರಿಗೆ ನೆನಪಾಗುವುದು ಪಾರ್ಶ್ವವಾಯುವೇ. ಲಕ್ವ ತರುವ ನಾಳ ಎಂದು ತಿಳಿದಾರು. ‘ಬದಲಿ ನಾಳ’, ‘ಪೂರಕ ನಾಳ’ವೂ ಬೇಡ, ಎಲ್ಲ ಸರಿಹೋಯಿತೆಂಬ ಧೈರ್ಯ ಕೊಡುತ್ತವೆ. ಈ ನಾಳಗಳ ಗೋಡೆ ತೆಳು, ಹೊರೆ ಹೆಚ್ಚು, ಒಡೆದರೆ ಮೆದುಳಿನೊಳಗೆ ರಕ್ತಸ್ರಾವ. ದೊಡ್ಡವರಲ್ಲಿ ಈ ಭಯ ಹೆಚ್ಚು, ಮಕ್ಕಳಲ್ಲಿ ರಕ್ತ ಸಾಲದೆ ಕೈಕಾಲು ಸೋಲುವುದು ಹೆಚ್ಚು. ಮಗು ಜೋರಾಗಿ ಅತ್ತಾಗ, ಬಿಸಿ ಊಟವನ್ನು ಉಫ್ ಉಫ್ ಎಂದು ಊದಿದಾಗ ಹಾಗಾಗುತ್ತದೆ: ಉಸಿರು ಜೋರಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ನಾಳಗಳು ಕುಗ್ಗುತ್ತವೆ.

ನನ್ನ ಸೂಚನೆ ‘ಬಳಸುನಾಳ’. ಕಟ್ಟಿದ ಜಾಗವನ್ನು ಬಳಸಿ ಹೋಗುವುದು. ಬಳಸುದಾರಿ ಗೊತ್ತಿದ್ದವರಿಗೆ ಇದೂ ಗೊತ್ತಾಗುತ್ತದೆ.

ರಾಯಚೂರಿನಿಂದ:
ಬಳಸುನಾಳ ಎಂದರೆ ಬಳಕೆಯ ನಾಳ. ಉಳಿದವನ್ನೇನು ಅಟ್ಟದ ಮೇಲೆ ಇಟ್ಟಿದ್ದೀರಾ?

ಗಂಗಾವತಿಯಿಂದ:
‘ಬಳಸು’ ಎಂದರೆ ಸುತ್ತುವರಿ ಎಂಬ ಅರ್ಥ ಹಳಗನ್ನಡದಿಂದ ಇದೆ. ಬಳೆ ಅದರ ನೆಂಟ, ತಮಿಳಿನ ವಳೈ ಕೂಡ. ‘ಉಪಯೋಗಿಸು’ ಒಂದೇ ಅರ್ಥವೆನ್ನುವವರು ‘ಸುತ್ತಿ ಬಳಸಿ ಮಾತಾಡಬೇಡ’ ಎಂಬುದನ್ನು ಹೇಗೆ ಬಿಡಿಸುತ್ತಾರೋ.

ಸಿಂಧನೂರಿನಿಂದ:
ನಮ್ಮ ಕಡೆ ‘ಉಪಕಾಲುವೆ’ ಅಂದರೆ ಎಲ್ಲರಿಗೂ ಗೊತ್ತು. ‘ಉಪನಾಳ’ ಸಾಕಲ್ಲ?

ಗಂಗಾವತಿಯಿಂದ:
ಉಪಕಾಲುವೆಗೆ ನೀರು ಬರುವುದೇ ಮುಖ್ಯ ಕಾಲುವೆಯಿಂದ. ಎಡದಂಡೆ ಕಾಲುವೆ ಮೇಲೆಯೇ ಕಟ್ಟಿದರೆ ಉಪಕಾಲುವೆಯೂ ಒಣಗುತ್ತದೆ. ಬಳಸುನಾಳದ ಕೆಲಸ ತಡೆಯ ಆಚೆಗೆ ರಕ್ತ ಮುಟ್ಟಿಸುವುದು, ಕೆಲವದಕ್ಕೆ ಮೂಲವೇ ಬೇರೆ. ಹಿಂಬದಿಯ ಧಮನಿಯಿಂದ ಮೆದುಳಿನ ಮೇಲ್ಮೈ ಹಿಡಿದು ಬರುವವಿವೆ. ಮೆದುಳಿನ ಹೊರಪೊರೆಯ ಧಮನಿಯಿಂದ ಪೊರೆ ದಾಟಿ ಇಳಿಯುವವಿವೆ. ಬುಡದಲ್ಲಿ ಹೊಗೆಯಂತೆ ಕಾಣುವ ಜಾಲ ಇವುಗಳಲ್ಲಿ ಒಂದು ಬಗೆ ಮಾತ್ರ. ರೋಗ ಬಲಿತಂತೆ ಆ ಜಾಲವೇ ಮಾಸಿ, ಮುಖಕ್ಕೂ ತಲೆಯ ಚರ್ಮಕ್ಕೂ ರಕ್ತ ಕೊಡುವ ಹೊರ ಕ್ಯಾರೋಟಿಡ್ ಧಮನಿಯಿಂದ ಬರುವವು ಮೆದುಳನ್ನು ಸಾಕುತ್ತವೆ. ಹಾಗಾಗಿ ಆ ಜಾಲಕ್ಕೂ ಉಳಿದ ಬಳಸುನಾಳಗಳಿಗೂ ಒಂದೇ ಪದ ಹಾಕಿದರೆ ಆಂಜಿಯೋಗ್ರಾಮ್ (ರಕ್ತನಾಳಗಳ ಚಿತ್ರ) ವರದಿಗೂ ಕರಪತ್ರಕ್ಕೂ ತಾಳೆಯಾಗುವುದಿಲ್ಲ.

ಕೊಪ್ಪಳದಿಂದ:
ಬುಡದ ಜಾಲಕ್ಕೆ ‘ಹೊಗೆನಾಳ’ ಎನ್ನಿ. 1969ರಲ್ಲಿ ಜಪಾನಿನ ವೈದ್ಯರಾದ ಸುಜುಕಿ, ತಕಾಕು ‘ಮೊಯಮೊಯ’ ಎಂಬ ಹೆಸರನ್ನು ಬಳಕೆಗೆ ತಂದದ್ದೇ ಹೊಗೆಯ ಹೋಲಿಕೆಯಿಂದ. ಮತ್ತೆ ‘ರಕ್ತನಾಳ’ ಯಾಕೆ, ‘ನೆತ್ತರುಗೊಳವೆ’ ಇದೆಯಲ್ಲ? ಸಂಸ್ಕೃತದ ಸಾಲ ಎಷ್ಟು ದಿನ?

ರಾಯಚೂರಿನಿಂದ:
ಹೊಗೆನಾಳ ಅಂದರೆ ಬೀಡಿ ಸೇದಿ ಬಂದ ರೋಗ ಅಂದುಕೊಳ್ಳುತ್ತಾರೆ. ನೆತ್ತರುಗೊಳವೆ ಕೇಳಿದರೆ ಪ್ಲಂಬರ್‌ನನ್ನು ಕರೆಯುತ್ತಾರೆ. ಸಾಲ ಬೇಡವೆನ್ನುವವರು ‘ಮೊಯಮೊಯ’ವನ್ನು ಜಪಾನಿಗೆ ವಾಪಸ್ ಕೊಟ್ಟು ಬನ್ನಿ.

ಕೊಪ್ಪಳದಿಂದ:
ಕೊಡುವುದೇಕೆ? ಮಿಣಿಮಿಣಿ, ಗುಸುಗುಸು ಎನ್ನುವ ನಮಗೆ ಅದು ಅನುಕರಣ ಪದದಂತೆ ಸಲೀಸು. ‘ಮೋಯಾಮೋಯಾ’ ಎಂದು ಎಳೆಯಬೇಡಿ, ಅಷ್ಟೇ. ಜಪಾನಿಯಲ್ಲಿ ನಾಲ್ಕೂ ಸ್ವರ ಹ್ರಸ್ವ, ನಮಗೆ ಹ್ರಸ್ವ ಒಕಾರ ಇದ್ದೇ ಇದೆ.

ಬಳ್ಳಾರಿಯಿಂದ:
‘ಬಳಸುನಾಳ’ ಹಾಕುತ್ತಿದ್ದೇನೆ. ಮೊದಲ ಸಲ ಬರುವಲ್ಲಿ ‘ಕಟ್ಟಿದ ಧಮನಿಯನ್ನು ಬಳಸಿ ರಕ್ತ ಒಯ್ಯುವ ಸಣ್ಣ ನಾಳ’ ಎಂಬ ಬಿಡಿಸುವಿಕೆ, ಕೆಳಗೇ ‘ಇವು ತೆಳು, ಒಡೆಯಬಹುದು’. ಬುಡದ್ದಕ್ಕೆ ‘ಹೊಗೆಯಂಥ ಜಾಲ’. ಕಪಾಲದ ಚರ್ಮದ ಧಮನಿಯನ್ನು ಮೆದುಳಿನ ಧಮನಿಗೆ ಹೊಲಿಯುವ ಆಪರೇಷನ್ ಮಾತ್ರ ‘ಬೈಪಾಸ್’ ಎಂದೇ ಇರಲಿ. ರೋಗದಿಂದ ಹಿಗ್ಗಿದ್ದಕ್ಕೂ ಡಾಕ್ಟರು ಕೂಡಿಸಿದ್ದಕ್ಕೂ ಹೆಸರು ಬೇರೆಯಿರಬೇಕು.

ರಾಯಚೂರಿನಿಂದ:
‘ಧಮನಿ’ಯೂ ಸಂಸ್ಕೃತ. ಕೊಪ್ಪಳದವರು ಗಮನಿಸಲಿ.