ಸಹ್ಯಾದ್ರಿ ಬಿಎಸ್ಸಿ ಗುಂಪಿನಲ್ಲಿ 80 ಟೆಸ್ಟಿನ ಜಗಳ

ಸುಬ್ಬು: [ಫಾರ್ವರ್ಡ್] ಸದಾ ಸುಸ್ತಾ? ದಿನಾ ತಲೆನೋವಾ? ಒಂದೇ ಸಲ ರಕ್ತ ಕೊಡಿ, 80 ಪರೀಕ್ಷೆಯಲ್ಲಿ ಕಾರಣ ತಿಳಿಯಿರಿ!! ಮನೆಗೇ ಬರುತ್ತೇವೆ.

ಸುಬ್ಬು: ತೀರ್ಥಹಳ್ಳಿ ಮನೇಲಿ ಅಣ್ಣ, ಅತ್ತಿಗೆ, ಮಗಳು ಮೂರೂ ಜನಕ್ಕೆ ಇದೇ ಕಂಪ್ಲೇಂಟು. ಮೂರು ಪ್ಯಾಕೇಜ್ ಬುಕ್ ಮಾಡ್ತಿದೀನಿ. ಬೇರೆ ಯಾರಾದ್ರೂ ಸೇರ್ತೀರಾ? ರಿಯಾಯಿತಿ ಇದೆ.

ಶೈಲಜಾ (ಲ್ಯಾಬ್): ಆ 80 ಹೇಗೆ ಬಂತು ಗೊತ್ತಾ ಮಾರಾಯ? ಸಿಬಿಸಿಗೆ, ಅಂದ್ರೆ ರಕ್ತಕಣಗಳ ಎಣಿಕೆಗೆ, ಒಂದೇ ಟ್ಯೂಬ್, ಯಂತ್ರದಿಂದ ಇಪ್ಪತ್ತು ಚಿಲ್ಲರೆ ಸಾಲು ಬರುತ್ತೆ. ಒಂದೊಂದು ಸಾಲೂ ಒಂದು ಟೆಸ್ಟ್ ಅಂತ ಎಣಿಸಿದಾರೆ. ಎಲ್‌ಡಿಎಲ್-ಎಚ್‌ಡಿಎಲ್ ಕೊಲೆಸ್ಟ್ರಾಲ್ ಅನುಪಾತವೂ ಟೆಸ್ಟಂತೆ, ಅದು ಬರೀ ಭಾಗಾಕಾರ. ಸುಸ್ತಿಗೆ ಮೊದಲು ಬೇಕಾದ ಫೆರಿಟಿನ್ ಪಟ್ಟಿಯಲ್ಲೇ ಇಲ್ಲ.

ಸುಬ್ಬು: ಸೀರಮ್ ಐರನ್ ಇದೆಯಲ್ಲೇ.

ಶೈಲಜಾ: ಅದು ಬೆಳಿಗ್ಗೆ ಒಂದು, ಸಂಜೆ ಒಂದು. ಕಬ್ಬಿಣದ ಮಾತ್ರೆ ನುಂಗಿ ಬಂದ್ರೆ ಏರಿರುತ್ತೆ. ಮೈಯ ಉಗ್ರಾಣದಲ್ಲಿ ಕಬ್ಬಿಣ ಎಷ್ಟಿದೆ ಅಂತ ಹೇಳೋದು ಫೆರಿಟಿನ್. ಹಿಮೋಗ್ಲೋಬಿನ್ 12.3 ಇದ್ದು ಫೆರಿಟಿನ್ ಬರೀ 9 ಇದ್ದ ಹೆಂಗಸಿಗೆ ‘ರಕ್ತ ಸರಿ ಇದೆ’ ಅಂತ ಹೇಳಿ ಕಳಿಸಿದ್ರೆ ಅವಳ ಸುಸ್ತು ಹೋಗುತ್ತಾ? ಹಾಂ, ಜ್ವರ, ಸೋಂಕು ಇರುವಾಗ ಮಾಡಿಸಬೇಡಿ, ಸುಳ್ಳೇ ಮೇಲಿರುತ್ತೆ.

ರಮ್ಯಾ (ಔಷಧಿ ಅಂಗಡಿ): ಬಿ12 ಬಿಟ್ಟೆಯಲ್ಲ ಶೈಲು. ಸಸ್ಯಾಹಾರಿ ಮನೆ ಅದು. ಕಬ್ಬಿಣದ ಕೊರತೆ ರಕ್ತಕಣ ಚಿಕ್ಕದು ಮಾಡುತ್ತೆ, ಬಿ12 ಕೊರತೆ ದೊಡ್ಡದು. ಎರಡೂ ಒಟ್ಟಿಗಿದ್ರೆ ಕಣದ ಸರಾಸರಿ ಗಾತ್ರ, ಅಂದ್ರೆ ಎಂಸಿವಿ, ಸರಿ ಅಂತಲೇ ಕಾಣುತ್ತೆ. ಆರ್‌ಡಿಡಬ್ಲ್ಯು ಅಂದ್ರೆ ಕಣಗಳ ಗಾತ್ರದ ಏರುಪೇರು, ಅದು ಏರಿದೆಯಾ ನೋಡ್ಬೇಕು. ಮತ್ತೆ ಅತ್ತಿಗೆ ಕೂದಲಿಗೆ ಅಂತ ಬಯೋಟಿನ್ ತಗೊಳ್ತಿದ್ರೆ ಎರಡು ದಿನ ಮೊದಲೇ ನಿಲ್ಲಿಸಲಿ, ಥೈರಾಯ್ಡ್ ರಿಪೋರ್ಟ್ ಕೆಡುತ್ತೆ.

ಗಿರೀಶ: ಮಂಗನ ಕಾಯಿಲೆ ಟೆಸ್ಟ್ ಯಾಕೆ ಯಾರೂ ಹೇಳ್ತಿಲ್ಲ?

ಡಾ. ನಾಗರಾಜ: ಈ ಜುಲೈ ಮಳೇಲಿ ಅದನ್ನ ಎಲ್ಲಿಂದ ಹಿಡ್ಕೊಂಡು ಬಂದೆ? ಅದು ಉಣುಗು ಹೆಚ್ಚೋ ಒಣಗಾಲದ್ದು, ಶುರುವೇ ಜೋರು ಜ್ವರದಿಂದ.

ಡಾ. ನಾಗರಾಜ: ಸುಬ್ಬು, ನೀನು ಹೇಳಿದ್ದರಲ್ಲಿ ಮುಖ್ಯವಾದ್ದು ‘ಮೂರೂ ಜನಕ್ಕೆ’ ಅನ್ನೋದು. ರಕ್ತಹೀನತೆ ಮನೆಮಂದಿಗೆಲ್ಲ ಒಂದೇ ವಾರ ಶುರುವಾಗಲ್ಲ. ಯಾವಾಗಿಂದ? ದಿನದ ಯಾವ ಹೊತ್ತು? ಮನೆ ಬಿಟ್ಟು ಹೋದ್ರೆ ಕಮ್ಮಿಯಾಗುತ್ತಾ?

ಸುಬ್ಬು: ಜೂನ್‌ನಿಂದ. ಬೆಳಿಗ್ಗೆ ಸ್ನಾನ ಆದ್ಮೇಲೆ ಜಾಸ್ತಿ. ಮಗಳು ಶಿವಮೊಗ್ಗ ಹಾಸ್ಟೆಲ್‌ನಲ್ಲಿ ಆರಾಮಿರ್ತಾಳೆ, ಭಾನುವಾರ ಮನೆಗೆ ಬಂದ್ರೆ ಮತ್ತೆ ಶುರು. ಹಂಡೆ ಒಲೆ ತೆಗೆಸಿ ಗ್ಯಾಸ್ ಗೀಸರ್ ಹಾಕ್ಸಿದಾರೆ.

ಪ್ರಸನ್ನ (ಗೀಸರ್ ಸರ್ವಿಸ್): ಬಚ್ಚಲ ಒಳಗೋ, ಹೊರಗೋ?

ಸುಬ್ಬು: ಒಳಗೆ. ಎರಚಲು ಹೊಡೆಯುತ್ತೆ ಅಂತ ಕಿಟಕಿಗೆ ಪ್ಲಾಸ್ಟಿಕ್ ಕಟ್ಟಿದಾರೆ.

ಪ್ರಸನ್ನ: ಈಗಲೇ ಫೋನ್ ಮಾಡಿ ಆಫ್ ಮಾಡ್ಸು. ಲೆಕ್ಕ ಕೇಳು. ನಿಮಿಷಕ್ಕೆ 6 ಲೀಟರ್ ಕೊಡೋ ಗೀಸರ್ ಪೂರ್ತಿ ಉರೀಲಿ ಗಂಟೆಗೆ ಹತ್ತಿರ 1 ಕೆಜಿ ಗ್ಯಾಸ್ ಕುಡಿಯುತ್ತೆ. 1 ಕೆಜಿ ಗ್ಯಾಸಿಗೆ ಸುಮಾರು 15 ಕೆಜಿ ಗಾಳಿ ಬೇಕು. 10 ನಿಮಿಷದ ಸ್ನಾನ ಅಂದ್ರೆ 2 ಕೆಜಿಗೂ ಹೆಚ್ಚು ಗಾಳಿ. ಐದಕ್ಕೆ ಏಳಡಿ ಬಚ್ಚಲಲ್ಲಿ ಇರೋದೇ ಹತ್ತು ಕೆಜಿ ಆಸುಪಾಸು. ಮೂರು ಜನ ಸಾಲಾಗಿ ಸ್ನಾನಕ್ಕೆ ಹೋದ್ರೆ ಮೂರನೆಯವರ ಹೊತ್ತಿಗೆ ಆಮ್ಲಜನಕ ಇಳಿದು ಗ್ಯಾಸ್ ಅರೆಬರೆ ಉರಿಯುತ್ತೆ. ಆಗ ಹುಟ್ಟೋದೇ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿ.

ಗಿರೀಶ: ಗ್ಯಾಸ್ ಲೀಕ್ ಆದ್ರೆ ವಾಸನೆ ಬರುತ್ತಲ್ಲೋ.

ಪ್ರಸನ್ನ: ಲೀಕ್ ಅಲ್ಲ ಇದು. ಆ ವಾಸನೆ ಸಿಲಿಂಡರಿನ ಗ್ಯಾಸಿಗೆ ಬೇಕಂತಲೇ ಬೆರೆಸಿದ್ದು, ಉರಿದ ಮೇಲೆ ಇರಲ್ಲ. ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಉರಿ ಹಳದಿ ಇದ್ರೆ, ಮೇಲ್ಗಡೆ ಮಸಿ ಹಿಡಿದಿದ್ರೆ ಖಂಡಿತ ತೊಂದರೆ. ಹಾಗಂತ ನೀಲಿ ಇದೆ ಅಂತ ನಂಬಂಗಿಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿದ್ರೆ ಸರಿಹೋಗುತ್ತೆ ಅನ್ನೋದೂ ತಪ್ಪು. ಹೊರಗಿನ ಗಾಳಿ ಬರೋಕೆ ಕಿಂಡಿ ಇಲ್ದಿದ್ರೆ ಫ್ಯಾನು ಹೊಗೆಕೊಳವೆಯ ಗಾಳಿಯನ್ನೇ ಒಳಗೆ ಎಳೆಯುತ್ತೆ.

ರಮ್ಯಾ: ಅಣ್ಣ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದ್ರೆ ಗೊತ್ತಾಗಲ್ವಾ? ಕೋವಿಡ್ ಟೈಮಿಂದು ಇರುತ್ತೆ.

ಡಾ. ನಾಗರಾಜ: ಇಲ್ಲೇ ಮೋಸ ಹೋಗೋದು. ಆ ಯಂತ್ರಕ್ಕೆ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನೂ ಆಮ್ಲಜನಕ ಹಿಡಿದದ್ದೂ ಒಂದೇ ಥರ ಕಾಣುತ್ತೆ. 98 ತೋರಿಸುತ್ತೆ, ಮನುಷ್ಯ ವಾಲ್ತಿರ್ತಾನೆ. ಮಾನಾಕ್ಸೈಡ್ ಹಿಡಿದದ್ದನ್ನ ಕಾರ್ಬಾಕ್ಸಿಹಿಮೋಗ್ಲೋಬಿನ್ ಅಂತಲೇ ಬೇರೆ ಅಳೆಯಬೇಕು.

ಶೈಲಜಾ: ಅದೂ ಬೇಗ. ಮಾಮೂಲಿ ಗಾಳಿಯಲ್ಲಿ ನಾಲ್ಕೈದು ಗಂಟೆಗೆ ಅರ್ಧಕ್ಕೆ ಇಳಿಯುತ್ತೆ. 6ಕ್ಕೆ ಸ್ನಾನ ಮಾಡಿ ಸಂಜೆ 5ಕ್ಕೆ ರಕ್ತ ಕೊಟ್ರೆ ಏನೂ ಸಿಗಲ್ಲ. ಎಲ್ಲ ಲ್ಯಾಬಲ್ಲೂ ಮಾಡಲ್ಲ, ದೊಡ್ಡ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕೇಳಿ.

ಡಾ. ನಾಗರಾಜ: ರಿಪೋರ್ಟ್ ಸರಿ ಬಂತು ಅಂತ ಮತ್ತೆ ಗೀಸರ್ ಹಚ್ಚಬೇಡಿ. ಯಾರಾದ್ರೂ ತಲೆಸುತ್ತಿ ಬಿದ್ರೆ, ಮಾತು ಗೊಂದಲ ಆದ್ರೆ, ಎದೆನೋವು ಬಂದ್ರೆ ಹೊರಗೆ ಕರ್ಕೊಂಡು ಬಂದು 108ಕ್ಕೆ ಫೋನ್.

ಗಿರೀಶ: ಅದಕ್ಕೇ ನಾನು ಹೇಳೋದು, ಹಂಡೆ ಒಲೆಯೇ ಸೈ.

ಪ್ರಸನ್ನ: ಸೌದೆ ಹೊಗೆ ಕಣ್ಣುರಿಸಿ ಹೊರಗೆ ಓಡಿಸುತ್ತೆ, ಅಷ್ಟು ಉಪಕಾರ. ಹೊಗೆ ನಿಂತ ಕೆಂಡ ಅದಕ್ಕಿಂತ ಅಪಾಯ. ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚಿ ಮಗುವಿನ ಬಟ್ಟೆ ಒಣಗಿಸ್ತಾರಲ್ಲ, ಅಲ್ಲೂ ಇದೇ ವಿಷ. ಕರೆಂಟ್ ಹೋದಾಗ ಜಗಲೀಲಿ ಜನರೇಟರ್ ಹಚ್ಚೋದೂ ಅಷ್ಟೇ.

ರಮ್ಯಾ: ಎಲ್ಲಾ ಗೀಸರ್ ಮೇಲೆ ಹಾಕ್ಬೇಡಿ. ಸುಬ್ಬು, ಅತ್ತಿಗೆ ನೋವಿನ ಮಾತ್ರೆ ಎಷ್ಟು ನುಂಗ್ತಾರೆ?

ಸುಬ್ಬು: ಹೆಚ್ಚು ಕಮ್ಮಿ ದಿನಾ.

ರಮ್ಯಾ: ನೋಡಿದ್ರಾ. ಬರೀ ಪ್ಯಾರಾಸಿಟಮಾಲ್ ಆದ್ರೂ ತಿಂಗಳಿಗೆ 15 ದಿನ, ಮಿಶ್ರ ಮಾತ್ರೆ ಆದ್ರೆ 10 ದಿನ, ಹೀಗೆ ಮೂರು ತಿಂಗಳು ದಾಟಿದ್ರೆ ಮಾತ್ರೆಯೇ ತಲೆನೋವು ತರುತ್ತೆ. ಗೀಸರ್ ತೆಗೆದ್ರೂ ಅವರದ್ದು ನಿಲ್ಲದೇ ಇರಬಹುದು.

ಡಾ. ನಾಗರಾಜ: ಒಪ್ಪಿದೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ನುಂಗಿದ್ರು ಅಂತ ಕ್ಯಾಲೆಂಡರ್ ಮೇಲೆ ಬರೆದಿಡಲಿ. ಅಣ್ಣಂಗೆ ಬಿಪಿ, ಸಕ್ಕರೆ ನೋಡ್ಸು. ಗೊರಕೆ ಇದ್ರೆ ಅದನ್ನೂ ಹೇಳಲಿ.

ಸುಬ್ಬು: ಗ್ಯಾಸ್ ಮುಚ್ಚಿದಾರಂತೆ. ಪ್ಯಾಕೇಜ್ ಕ್ಯಾನ್ಸಲ್ ಮಾಡ್ಲಾ?

ಶೈಲಜಾ: ಮಾಡು. ಅತ್ತಿಗೆಗೆ ಸಿಬಿಸಿ, ಫೆರಿಟಿನ್, ಬಿ12, ಟಿಎಸ್‌ಎಚ್ (ಥೈರಾಯ್ಡಿಂದು) ನಾಲ್ಕು ಸಾಕು.

ಪ್ರಸನ್ನ: ಗೀಸರಿಂದ ಹೊರಗೋಡೆವರೆಗೆ ಎಷ್ಟಡಿ ಅಂತ ಟೇಪ್ ಹಿಡಿದು ಅಳತೆ ಕಳಿಸಕ್ಕೆ ಹೇಳು. ಗೀಸರನ್ನ ಹೊರಗೆ ಹಾಕೋಣ, ಸೂರಿನ ಅಡಿಗೆ, ಮಳೆ ಬೀಳದ ಜಾಗ ಆಗ್ಬೇಕು.