ಎರೆ ಹೊಲಕ್ಕೆ ಸವಳು ಹತ್ತಿದೆ, ಜಿಪ್ಸಂ ಹಾಕಲೇ?

ಪ್ರಶ್ನೆ: ಸರ್, ಸಿಂಧನೂರು ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆ ನೀರು, ಎರಡೂ ಬೆಳೆ ಭತ್ತ. ತಗ್ಗಿನ ಎರಡೆಕರೆಯಲ್ಲಿ ಬೇಸಿಗೆಗೆ ಬಿಳಿ ಉಪ್ಪು ಮೇಲೇಳುತ್ತೆ, ನಾಟಿ ಮಾಡಿದ ಸಸಿ ತುದಿ ಸುಟ್ಟು ಸಾಯುತ್ತೆ. ಅಂಗಡಿಯವರು ಎಕರೆಗೆ ಹತ್ತು ಚೀಲ ಜಿಪ್ಸಂ ಹಾಕಿ ಅಂತಾರೆ. ಹಾಕಲೇ?

ಉತ್ತರ (ಮಣ್ಣು ತಜ್ಞರು): ಈಗಲೇ ಖರೀದಿ ಬೇಡ. ಬಿಳಿ ಉಪ್ಪು ಕಂಡ ಮಾತ್ರಕ್ಕೆ ಜಿಪ್ಸಂ ಬೇಕೆಂದಲ್ಲ. ಮೊದಲು 0–15, 15–30, 30–60 ಸೆಂ.ಮೀ. ಆಳದ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕೊಡಿ. ಮೇಲಿನ ಹೆಪ್ಪನ್ನಷ್ಟೇ ಕೆರೆದು ಕೊಟ್ಟರೆ ಅಂಕಿ ದಾರಿ ತಪ್ಪಿಸುತ್ತೆ. ಇ.ಸಿ. (ಮಣ್ಣಿನ ಉಪ್ಪಿನಂಶ ತೋರುವ ವಿದ್ಯುತ್ ವಾಹಕತೆ), ಪಿ.ಎಚ್. (ಹುಳಿ-ಕ್ಷಾರದ ಅಳತೆ), ವಿನಿಮಯ ಸೋಡಿಯಂ (ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಪಾಲು), ಜಿಪ್ಸಂ ಬೇಡಿಕೆ (ಆ ಸೋಡಿಯಂ ತೆಗೆಯಲು ಬೇಕಾದ ಜಿಪ್ಸಂ), ನಾಲ್ಕನ್ನೂ ಕೇಳಿ ಪಡೆಯಿರಿ.

ಸಂತೃಪ್ತ ಸಾರದ (ನೀರು ತುಂಬಿ ಕೆಸರಾದ ಮಣ್ಣಿನಿಂದ ಹಿಂಡಿದ ನೀರಿನ) ಇ.ಸಿ. 4 ಡಿ.ಎಸ್./ಮೀ.ಗಿಂತ ಹೆಚ್ಚಿದ್ದು, ವಿನಿಮಯ ಸೋಡಿಯಂ ಶೇ. 15ಕ್ಕಿಂತ ಕಡಿಮೆ ಇದ್ದರೆ ಅದು ಬರೀ ಸವಳು. ನೀರಿನಿಂದ ತೊಳೆದರೆ ಸಾಕು, ಜಿಪ್ಸಂ ದುಡ್ಡು ದಂಡ. ಸೋಡಿಯಂ 15 ದಾಟಿ ಪಿ.ಎಚ್. 8.5ಕ್ಕಿಂತ ಮೇಲಿದ್ದರೆ ಕ್ಷಾರ. ಅಲ್ಲಿ ಜಿಪ್ಸಂ ಇಲ್ಲದೆ ತೊಳೆದರೆ ಮಣ್ಣು ಇನ್ನಷ್ಟು ಬಿಗಿಯುತ್ತೆ. ಒಂದು ಎಚ್ಚರಿಕೆ: ಎಷ್ಟೋ ಲ್ಯಾಬ್‌ಗಳು 1:2.5 ದ್ರಾವಣದ (ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು) ಇ.ಸಿ. ಕೊಡುತ್ತವೆ. ಆ ಅಂಕಿ ಸಣ್ಣದೇ ಬರುತ್ತೆ, ಅದನ್ನು ನೇರವಾಗಿ 4ರ ಜೊತೆ ಹೋಲಿಸಿ ಸಮಾಧಾನಪಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಗದ್ದೆಯೊಳಗೆ ನೀರು ನಿಲ್ಲಿಸಿದರೆ ಉಪ್ಪು ಹೋಗುತ್ತೆ, ಬೇಸಿಗೆಗೆ ಮತ್ತೆ ಬರುತ್ತೆ. ಯಾಕೆ ಸರ್?

ಉತ್ತರ: ಉಪ್ಪು ಕೆಳಗಿಳಿದಿದೆ, ಹೊಲ ಬಿಟ್ಟು ಹೋಗಿಲ್ಲ. ತೂತು ಕೊರೆದ ಪೈಪನ್ನು 2 ಮೀಟರ್ ಆಳಕ್ಕೆ ಹೂತು, ಬೇಸಿಗೆಯಲ್ಲಿ ನೀರೆಷ್ಟು ಮೇಲಿದೆ ನೋಡಿ. ನೀರು ನೆಲದಿಂದ 1.5 ಮೀಟರ್ ಆಳಕ್ಕಿಂತ ಮೇಲೆ ಬಂದಿದ್ದರೆ ಎರೆ ಮಣ್ಣು ಅದನ್ನು ಹೀರಿ ಮೇಲೆತ್ತುತ್ತೆ. ನೀರು ಆರಿ ಉಪ್ಪು ಉಳಿಯುತ್ತೆ. ಹಾಗಾಗಿ ಉಪ್ಪುನೀರಿಗೆ ಹೊರದಾರಿ ಮೊದಲು. ಹಳ್ಳಕ್ಕೆ ಸೇರುವ ಬಸಿಗಾಲುವೆಯ ಹೂಳು ತೆಗೆಸಿ, ಮೇಲಿನ ಗದ್ದೆಯಿಂದ ನಿಮ್ಮ ಗದ್ದೆಗೆ ನೀರು ಹಾಯಿಸುವುದನ್ನು ನಿಲ್ಲಿಸಿ. ಅದೂ ಸಾಲದಿದ್ದರೆ ಸುಮಾರು 1 ಮೀಟರ್ ಆಳದಲ್ಲಿ ಫಿಲ್ಟರ್ ಬಟ್ಟೆ ಸುತ್ತಿದ ರಂಧ್ರದ ಪೈಪು. ಪೈಪಿನ ಬಾಯಿ ಹಳ್ಳದ ನೀರಿಗಿಂತ ಮೇಲಿರಲೇಬೇಕು, ಇಲ್ಲದಿದ್ದರೆ ಹಳ್ಳ ತುಂಬಿದಾಗ ಹೊಲಕ್ಕೇ ನೀರು ವಾಪಸ್. ಇದು ಒಬ್ಬರ ಎರಡೆಕರೆಯ ಕೆಲಸವಲ್ಲ. ಅಕ್ಕಪಕ್ಕದವರು ಸೇರಿದರೇ ಚೆಂದ.

ದಾರಿ ಆದ ಮೇಲೆ ತೊಳೆಯಿರಿ: 30 ಸೆಂ.ಮೀ. ಮಣ್ಣಿನಿಂದ 30 ಸೆಂ.ಮೀ. ನೀರು ಇಳಿದರೆ ಸುಮಾರು ಶೇ. 80 ಉಪ್ಪು ಹೋಗುತ್ತೆ. ಮಡಿ ಸಮತಟ್ಟಿಲ್ಲದಿದ್ದರೆ ದಿಬ್ಬದ ಉಪ್ಪು ಅಲ್ಲೇ ಉಳಿಯುತ್ತೆ.

ಪ್ರಶ್ನೆ (ಇನ್ನೊಬ್ಬರು): ನಮ್ಮದು ಪಿ.ಎಚ್. 9.1, ವಿನಿಮಯ ಸೋಡಿಯಂ ಶೇ. 22 ಬಂದಿದೆ.

ಉತ್ತರ: ಹಾಗಾದರೆ ಜಿಪ್ಸಂ ಬೇಕು. ಭತ್ತಕ್ಕಾದರೆ ವರದಿಯ ಬೇಡಿಕೆಯ ಅರ್ಧ ಸಾಕು. 2 ಮಿ.ಮೀ. ಜರಡಿಯಲ್ಲಿ ಇಳಿಯುವ ಪುಡಿಯನ್ನು ಹರಡಿ, ಮೇಲಿನ 10 ಸೆಂ.ಮೀ.ಗಷ್ಟೇ ಬೆರೆಸಿ, ಆಳಕ್ಕೆ ಹೊಡೆದರೆ ಶಕ್ತಿ ಹಂಚಿಹೋಗುತ್ತೆ. 10–15 ದಿನ ಗದ್ದೆಯೊಳಗೆ ನೀರು ನಿಲ್ಲಿಸಿ, ಬದು ಒಡೆಯದಂತೆ ನೋಡಿಕೊಳ್ಳಿ. ಆಮೇಲೆ ಡಯಾಂಚ (ಹಸಿರೆಲೆ ಗೊಬ್ಬರದ ಗಿಡ) ಬಿತ್ತಿ, 45 ದಿನಕ್ಕೆ, ಹೂವಿಗೆ ಮೊದಲೇ ಮಣ್ಣಿಗೆ ತುಳಿಸಿ. ನಾಟಿಗೆ 30–35 ದಿನದ ಬಲಿತ ಸಸಿ, ಗುಣಿಗೆ ಮೂರ್ನಾಲ್ಕು. ಸತುವಿನ ಸಲ್ಫೇಟ್ ಎಕರೆಗೆ 10 ಕೆ.ಜಿ.; ರಂಜಕವಿರುವ ಡಿಎಪಿ ಗೊಬ್ಬರದ ಜೊತೆ ಬೆರೆಸಿ ಎರಚಬೇಡಿ, ಸತು ರಂಜಕಕ್ಕೆ ಅಂಟಿ ಬೇರಿಗೆ ಸಿಗುವುದಿಲ್ಲ.